ಸಂಕದ ಬಳಿಯ ಕಲ್ಲು

ಸಹ್ಯಾದ್ರಿಯ ಮಡಿಲಿನಲ್ಲಿರುವ ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯಲ್ಲಿ ಊರೆಂದರೆ ಬಯಲುನಾಡಿನಂತೆ ಒತ್ತೊತ್ತಾಗಿ ಕಟ್ಟಿದ ಮನೆಗಳ ಸಾಲಲ್ಲ. ಮತ್ತಿಘಟ್ಟದಂತಹ ಘಟ್ಟದಂಚಿನ ಗ್ರಾಮಗಳಲ್ಲಿ ಈ ಗುಡ್ಡದ ಮಗ್ಗುಲಿಗೊಂದು ಮನೆ, ಆ ಗುಡ್ಡದ ಮಗ್ಗುಲಿಗೊಂದು ಮನೆ. ನಡುವಣ ಕಣಿವೆಯಲ್ಲಿ ಅಡಿಕೆಯ ತೋಟ. ತೋಟದ ತಳದಲ್ಲಿ ಹರಿಯುವ ಹಳ್ಳ. ಬೇಸಿಗೆಯಲ್ಲಿ ಈ ಹಳ್ಳವನ್ನು ಮಕ್ಕಳೂ ಹಾರಿ ದಾಟುತ್ತಾರೆ. ಆದರೆ ಮಳೆಗಾಲ ಹಿಡಿಯಿತೆಂದರೆ ಅದೇ ಹಳ್ಳ ಕೆಂಪು ನೀರನ್ನು ಹೊತ್ತು, ಮರದ ಬೊಡ್ಡೆಗಳನ್ನು ಉರುಳಿಸುತ್ತ ಭೋರ್ಗರೆಯುತ್ತದೆ. ಆಗ ನೆರೆಮನೆಗೆ ಹೋಗುವುದಕ್ಕೂ, ಶಾಲೆಗೆ ಹೋಗುವುದಕ್ಕೂ, ಪೇಟೆಗೆ ಹೋಗುವುದಕ್ಕೂ ಇರುವ ಒಂದೇ ದಾರಿ ಸಂಕ.

ಸಂಕವೆಂದರೆ ಮಲೆನಾಡಿನ ಕಾಲುಸೇತುವೆ. ಹಳ್ಳದ ಎರಡು ದಡಗಳಿಗೆ ತಾಗುವಂತೆ ಎರಡೋ ಮೂರೋ ಮರದ ದಿಮ್ಮಿಗಳನ್ನು ಅಡ್ಡ ಹಾಕಿ, ಅವುಗಳ ಮೇಲೆ ಅಡಿಕೆಯ ದಬ್ಬೆಗಳನ್ನು ಹಾಸಿ, ಬಳ್ಳಿಯಿಂದಲೋ ಬೆತ್ತದಿಂದಲೋ ಬಿಗಿದು, ಹಿಡಿದುಕೊಳ್ಳಲು ಒಂದು ಬದಿಗೆ ಬಿದಿರಿನ ಗಳುವನ್ನು ಕಟ್ಟಿದರೆ ಸಂಕವಾಯಿತು. ಕೆಳಗೆ ಕಂಬವಿಲ್ಲ, ಮೇಲೆ ಮಾಡಿಲ್ಲ. ವರ್ಷಕ್ಕೆ ಎರಡೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನೆಲದಲ್ಲಿ ಇಂಥ ಮರದ ಕಟ್ಟಡ ಬಹುಕಾಲ ಬಾಳದು. ಆದುದರಿಂದ ಪ್ರತಿವರ್ಷವೂ ಮಳೆಗೆ ಮುನ್ನ ಹಳ್ಳದ ಎರಡೂ ಬದಿಯ ಮನೆಯವರು ಕೂಡಿ ಅದನ್ನು ಹೊಸದಾಗಿ ಕಟ್ಟುವುದು ರೂಢಿ. ಇತ್ತೀಚಿನ ವರ್ಷಗಳಲ್ಲಿ ಹಲವು ಹಳ್ಳಗಳಿಗೆ ಸರ್ಕಾರದ ವತಿಯಿಂದ ಕಾಂಕ್ರೀಟಿನ ಕಾಲುಸಂಕಗಳು ಬಂದಿವೆ. ಹಳೆಯ ಬಗೆಯ ಸಂಕಗಳೂ ಒಳಗಿನ ಊರುಗಳಲ್ಲಿ ಇನ್ನೂ ಉಳಿದಿವೆ.

ಸಂಕವಿದ್ದಲ್ಲಿ ಭೂತವಿರುವುದು ಮಲೆನಾಡಿನ ಕತೆಗಳ ನಿಯಮ. ಅಲ್ಲಿ ಚೌಡಿಯಿದ್ದಾಳೆ, ಇಲ್ಲಿ ಭೂತಪ್ಪನಿದ್ದಾನೆ, ಆಚೆ ಜಟಕನಿದ್ದಾನೆ, ಅದರಾಚೆ ಮಾಸ್ತಿಯಿದ್ದಾಳೆ ಎಂದು ಹಿರಿಯರು ಹೇಳುತ್ತಾರೆ. ಅಮಾವಾಸ್ಯೆಯ ರಾತ್ರಿ ಸಂಕದ ಮೇಲೆ ಕುದುರೆಯ ಗೊರಸಿನ ಸಪ್ಪಳ ಕೇಳುವುದೆಂದೂ, ಹಳ್ಳದ ಆಚೆ ದಂಡು ಸಾಗುವ ಸದ್ದಾಗುವುದೆಂದೂ, ತಲೆಯಿಲ್ಲದ ಆಳೊಬ್ಬ ಸಂಕದ ನಡುವೆ ನಿಂತಿರುವನೆಂದೂ ಹೇಳುವ ಕತೆಗಳಿಗೆ ಕೊರತೆಯಿಲ್ಲ. ಯಕ್ಷಗಾನದ ಆಟ ನೋಡಿ ಅಪರಾತ್ರಿಯಲ್ಲಿ ಸೂಡಿ ಬೀಸುತ್ತ ಮರಳುವವರು ಇಂಥ ಸ್ಥಳ ಬಂದಾಗ ಮಾತು ನಿಲ್ಲಿಸಿ ಬೇಗ ಬೇಗ ದಾಟುತ್ತಿದ್ದರು. ಹಿಂದಿನಿಂದ ಯಾರಾದರೂ ಹೆಸರು ಹಿಡಿದು ಕರೆದರೆ ಮೊದಲ ಕೂಗಿಗೆ ಓಗೊಡಬಾರದೆಂಬುದು ಎಲ್ಲರಿಗೂ ತಿಳಿದ ಎಚ್ಚರಿಕೆ. ದಾಟುವವನ ಹೆಸರು ಭೂತಕ್ಕೆ ಗೊತ್ತು. ಆದರೆ ಆ ಭೂತದ ಹೆಸರೇನು, ಅದು ಬದುಕಿದ್ದಾಗ ಯಾರಾಗಿತ್ತು ಎಂದು ಕೇಳಿದರೆ ಹೇಳಬಲ್ಲವರು ವಿರಳ.

ಈ ಕತೆಗಳಲ್ಲಿ ಕೆಲವು ಸಂಗತಿಗಳಿಗೆ ಪ್ರಕೃತಿಯೇ ಉತ್ತರ ಕೊಡುತ್ತದೆ. ಗಾಳಿಗೆ ಒಂದಕ್ಕೊಂದು ಉಜ್ಜುವ ಬಿದಿರಿನ ಮೆಳೆ ನರಳಿದಂತೆ ಸದ್ದು ಮಾಡುತ್ತದೆ. ಹಳ್ಳದ ದಂಡೆಯ ಮರಗಳಲ್ಲಿ ವಾಸಿಸುವ ಮೀನುಗೂಬೆಯ ಕೂಗು ಪೊಳ್ಳು ಮಡಕೆಯೊಳಗಿಂದ ಬಂದಂತೆ ಗಂಭೀರವಾಗಿರುತ್ತದೆ; ದಟ್ಟಕಾಡಿನ ದೊಡ್ಡ ಗೂಬೆಯೊಂದು ಮನುಷ್ಯರು ಚೀರಿದಂತೆಯೇ ಕೂಗುತ್ತದೆ. ಮಳೆಗಾಲದಲ್ಲಿ ಕೊಳೆಯುವ ಮರದ ಮೇಲೆ ಬೆಳೆಯುವ ಕೆಲವು ಜಾತಿಯ ಶಿಲೀಂಧ್ರಗಳು ಕತ್ತಲೆಯಲ್ಲಿ ಹಸಿರು ಛಾಯೆಯ ತಣ್ಣನೆಯ ಬೆಳಕನ್ನು ಸೂಸುತ್ತವೆ. ಪಶ್ಚಿಮಘಟ್ಟದ ಕಾಡುಗಳಲ್ಲಿ ಇಂಥವು ಉಂಟು. ಜವುಗುನೆಲದಲ್ಲಿ ಕಾಣುವ ಕೊಳ್ಳಿದೆವ್ವಕ್ಕೆ ಕೊಳೆತ ಸಸ್ಯಗಳಿಂದ ಏಳುವ ಅನಿಲಗಳು ಕಾರಣವಿರಬಹುದೆಂದು ವಿಜ್ಞಾನಿಗಳು ಊಹಿಸಿದ್ದಾರೆ. ನಾಲ್ಕೂ ಕಡೆ ಕಾಡು, ಕೈಯಲ್ಲಿ ಆರುತ್ತಿರುವ ಸೂಡಿ, ಕಾಲಡಿಯಲ್ಲಿ ಜಾರುವ ದಬ್ಬೆ, ಕೆಳಗೆ ಮೊರೆಯುವ ನೀರು, ಇಷ್ಟು ಸೇರಿದರೆ ಧೈರ್ಯವಂತನ ಎದೆಯೂ ನಡುಗುವುದು ಸಹಜವೇ.

ಭಯಕ್ಕೆ ಒಂದು ಉಪಯೋಗವೂ ಇತ್ತು. ನೆರೆ ಬಂದಾಗ ಸಂಕ ದಾಟಬಾರದು, ಕತ್ತಲಾದ ಮೇಲೆ ಒಬ್ಬೊಬ್ಬರೇ ಹೋಗಬಾರದು, ಮಕ್ಕಳು ಹಳ್ಳದ ಕಡೆ ಆಡಬಾರದು ಎಂಬ ಮೂರು ಮಾತುಗಳನ್ನು ಉಪದೇಶವಾಗಿ ಹೇಳಿದರೆ ಕೇಳುವವರು ಕಡಿಮೆ. ಅಲ್ಲಿ ಚೌಡಿ ಹಿಡಿಯುತ್ತಾಳೆಂದರೆ ಸಾಕು, ಉಪದೇಶದ ಅಗತ್ಯವೇ ಬೀಳದು. ಎಚ್ಚರಿಕೆಯ ಫಲಕಗಳಿಲ್ಲದ ಕಾಲದಲ್ಲಿ ಭೂತವೇ ಆ ಕೆಲಸವನ್ನು ಮಾಡಿತೆಂದು ಹೇಳಬಹುದು.

ಆದರೆ ಗೂಬೆ, ಬಿದಿರು, ಶಿಲೀಂಧ್ರಗಳಿಂದ ಎಲ್ಲವೂ ವಿವರಿಸಲ್ಪಟ್ಟಿತೆಂದು ಭಾವಿಸುವುದು ಆತುರದ ತೀರ್ಮಾನವಾದೀತು. ಕೊಳೆತ ದಿಮ್ಮಿ ಬೆಳಕನ್ನು ಕೊಟ್ಟೀತು. ಕುದುರೆಯನ್ನೂ ದಂಡನ್ನೂ ಕೊಡಲಾರದು. ಕಾಡಿನ ನಡುವಣ ಸಣ್ಣ ಹಳ್ಳದ ಬಳಿ ಯುದ್ಧದ ಕತೆ ಏಕೆ ಹುಟ್ಟಬೇಕು? ಇದಕ್ಕೆ ಉತ್ತರ ಅನೇಕ ಕಡೆಗಳಲ್ಲಿ ಸಂಕದ ಸಮೀಪದಲ್ಲಿಯೇ, ಪೊದೆಯ ಮರೆಯಲ್ಲಿ, ಹಾವಸೆ ಹಿಡಿದು ನಿಂತಿರುತ್ತದೆ. ಜನರು ಕುಂಕುಮ ಹಚ್ಚಿ, ಹೂವಿಟ್ಟು, ಕಾಯಿ ಒಡೆದು ಭೂತಪ್ಪನೆಂದೋ ಜಟಕನೆಂದೋ ಕೈಮುಗಿಯುವ ಕಲ್ಲುಗಳಲ್ಲಿ ಹಲವು ವಾಸ್ತವವಾಗಿ ವೀರಗಲ್ಲುಗಳು. ಮಾಸ್ತಿಯೆಂದು ಪೂಜೆಗೊಳ್ಳುವ ಕಲ್ಲು ಮಹಾಸತಿಯ ಕಲ್ಲು. ಕಂಬದಿಂದ ಹೊರಟ ಬಳೆ ತೊಟ್ಟ ತೋಳೊಂದು ಮೇಲೆತ್ತಿದ ಕೈಯೊಡನೆ ಅದರಲ್ಲಿ ಕೆತ್ತಲ್ಪಟ್ಟಿರುತ್ತದೆ. ಪತಿಯ ಚಿತೆಯನ್ನೇರಿದ ಹೆಂಗಸಿನ ಗುರುತು ಅದು. ‘ಮಹಾಸತಿ’ ಎಂಬ ಮಾತೇ ಜನರ ಬಾಯಲ್ಲಿ ‘ಮಾಸ್ತಿ’ಯಾಯಿತು. ಮಾಸ್ತಿಕಟ್ಟೆ ಎಂಬಂಥ ಊರ ಹೆಸರುಗಳ ಹಿಂದೆ ಇರುವುದೂ ಈ ಮಾತೇ.

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಸಾಮಾನ್ಯವಾಗಿ ಅದರಲ್ಲಿ ಮೂರು ಅಂತಸ್ತುಗಳಿರುತ್ತವೆ. ಕೆಳಗಿನದರಲ್ಲಿ ವೀರನು ಬಿಲ್ಲನ್ನೋ ಕತ್ತಿಯನ್ನೋ ಹಿಡಿದು ಹೋರಾಡುತ್ತಿರುತ್ತಾನೆ. ನಡುವಿನದರಲ್ಲಿ ಮಡಿದ ಅವನನ್ನು ಅಪ್ಸರೆಯರು ಮೇಲಕ್ಕೆ ಕರೆದೊಯ್ಯುತ್ತಾರೆ. ಮೇಲಿನದರಲ್ಲಿ ಅವನು ಶಿವಲಿಂಗದ ಸನ್ನಿಧಿಯಲ್ಲಿ ಕುಳಿತಿರುತ್ತಾನೆ. ಜೈನನಾದರೆ ಲಿಂಗದ ಬದಲು ಜಿನನಿರಬಹುದು. ತುದಿಯಲ್ಲಿ ಸೂರ್ಯಚಂದ್ರರು, ಅವರಿರುವವರೆಗೆ ಈ ಕೀರ್ತಿ ಇರಲಿ ಎಂಬುದು ಅದರ ಅರ್ಥ. ಅಂತಸ್ತುಗಳ ನಡುವಣ ಪಟ್ಟಿಕೆಯಲ್ಲಿ ಅಕ್ಷರಗಳಿದ್ದರೆ ಸತ್ತವನ ಹೆಸರು, ಆಳುತ್ತಿದ್ದ ಅರಸನ ಹೆಸರು, ಕಾಳಗದ ಕಾರಣ ಇವು ತಿಳಿಯುತ್ತವೆ. ಬರಹವಿಲ್ಲದ ಕಲ್ಲುಗಳೂ ಬಹಳ. ಅವು ಕೂಡ ಪೂರ್ತಿ ಮೂಕವಲ್ಲ. ಕೆಳಗೆ ದನಗಳ ಸಾಲಿದ್ದರೆ ಅದು ತುರುಗೋಳು, ಎಂದರೆ ಶತ್ರುಗಳು ಹೊಡೆದುಕೊಂಡು ಹೋಗುತ್ತಿದ್ದ ಊರ ದನಗಳನ್ನು ಬಿಡಿಸುವ ಕಾಳಗ. ಹೆಂಗಸರ ಮಾನವನ್ನು ಕಾಯಲು ಮಾಡಿದ ಹೋರಾಟಕ್ಕೆ ಪೆಣ್ಬುಯ್ಯಲ್ ಎಂಬ ಹೆಸರಿತ್ತು. ಊರನ್ನು ಹಾಳುಮಾಡಲು ಬಂದವರನ್ನು ಎದುರಿಸಿದುದು ಊರಳಿವು. ಹುಲಿ ಹಂದಿಗಳೊಡನೆ ಕಾದಿ ಮಡಿದವರಿಗೂ ಕಲ್ಲುಗಳಿವೆ. ಸತ್ತವನ ಮನೆಯವರಿಗೆ ಬಿಟ್ಟುಕೊಡುತ್ತಿದ್ದ ಭೂಮಿಗೆ ನೆತ್ತರುಗೊಡಗೆ ಎಂಬ ಹೆಸರೂ ಉಂಟು. ಆ ಮಾತಿಗೆ ಬೇರೆ ವ್ಯಾಖ್ಯಾನ ಬೇಕಾಗಿಲ್ಲ.

ಗಮನಿಸಬೇಕಾದ ಅಂಶವೆಂದರೆ, ಇವರಲ್ಲಿ ಹೆಚ್ಚಿನವರು ಅರಸರಲ್ಲ, ದಂಡನಾಯಕರೂ ಅಲ್ಲ. ಊರ ದನ ಕಾಯುವವನು, ಗೌಡನ ಮಗ, ಬಿಲ್ಲುಗಾರ ಇಂಥವರು. ಚರಿತ್ರೆಯ ಪುಸ್ತಕದಲ್ಲಿ ಇವರಿಗೆ ಎಡೆಯಿಲ್ಲ. ಇವರಿಗೆ ದೊರೆತದ್ದು ಒಂದು ಕಲ್ಲು ಮಾತ್ರ.

ಈ ಸೀಮೆಯಲ್ಲಿ ಕಾಳಗಗಳು ಏಕೆ ನಡೆದುವೆಂಬುದನ್ನು ತಿಳಿಯುವುದು ಕಷ್ಟವಲ್ಲ. ಕದಂಬರ ರಾಜಧಾನಿಯಾಗಿದ್ದ ಬನವಾಸಿ ಶಿರಸಿ ತಾಲೂಕಿನಲ್ಲಿಯೇ ಇದೆ. ಇಮ್ಮಡಿ ಪುಲಕೇಶಿ ಆ ನಗರವನ್ನು ಮುತ್ತಿದ ಸಂಗತಿ 634ನೆಯ ಇಸವಿಯ ಐಹೊಳೆಯ ಶಾಸನದಲ್ಲಿ ಬರುತ್ತದೆ. ಮುಂದೆ ರಾಷ್ಟ್ರಕೂಟರು, ಕಲ್ಯಾಣದ ಚಾಲುಕ್ಯರು, ಹಾನಗಲ್ಲಿನ ಕದಂಬರು, ವಿಜಯನಗರದವರು ಒಬ್ಬರಾದ ಮೇಲೊಬ್ಬರು ಈ ಭಾಗಕ್ಕಾಗಿ ಬಡಿದಾಡಿದರು. ಹದಿನಾರನೆಯ ಶತಮಾನದಿಂದ ಶಿರಸಿಯ ಬಳಿಯ ಸೋದೆಯಲ್ಲಿ ನಾಯಕ ಅರಸರು ಆಳಿದರು. ಇಲ್ಲಿಯ ಕಾಳುಮೆಣಸು ಘಟ್ಟವಿಳಿದು ಕರಾವಳಿಯ ಬಂದರುಗಳನ್ನು ಸೇರಿ, ಅಲ್ಲಿಂದ ಹಡಗೇರುತ್ತಿತ್ತು. ಮೆಣಸಿನ ಹೇರು ಸಾಗುವ ಘಟ್ಟದ ದಾರಿಗಳು ಯಾರ ಕೈಯಲ್ಲಿದ್ದರೆ ಸುಂಕ ಅವರದು. ದಾರಿಗಾಗಿ ನಡೆಯುವ ಕಾಳಗ ದಾರಿ ಇಕ್ಕಟ್ಟಾಗುವಲ್ಲಿ, ಎಂದರೆ ಹಳ್ಳ ದಾಟುವಲ್ಲಿ, ಘಟ್ಟ ಹತ್ತುವಲ್ಲಿ ನಡೆಯುವುದು ಸ್ವಾಭಾವಿಕ. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿಯ ಸೈನ್ಯ ಅದರ ಬೆನ್ನಲ್ಲೇ ಸೋದೆಯನ್ನೂ ವಶಪಡಿಸಿಕೊಂಡಿತು. ಸೋದೆಯ ಕೊನೆಯ ಅರಸನು ಗೋವೆಗೆ ಹೋಗಿ ಪೋರ್ಚುಗೀಸರ ಆಶ್ರಯ ಪಡೆದನು. 1801ರಲ್ಲಿ ಈ ದಾರಿಯಾಗಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಕಂಡುದು ಪಾಳುಬಿದ್ದ ಸೋದೆಯನ್ನು. ಊರೇ ಹಾಳಾದ ಮೇಲೆ ಕಲ್ಲಿನ ಕತೆ ಹೇಳುವವರು ಎಲ್ಲಿ ಉಳಿದಾರು?

ಅದೇ ಸೋದೆಯಲ್ಲಿ ವಾದಿರಾಜಸ್ವಾಮಿಗಳ ಬೃಂದಾವನವಿದೆ. ಅಲ್ಲಿಯೇ ಭೂತರಾಜರ ಗುಡಿಯೂ ಇದೆ. ವಿದ್ವಾಂಸನೊಬ್ಬ ಶಾಪದಿಂದ ಬ್ರಹ್ಮರಾಕ್ಷಸನಾಗಿ, ಹಾದಿಹೋಕರನ್ನು ತಡೆದು ಒಗಟು ಕೇಳುತ್ತಿದ್ದನೆಂದೂ, ಉತ್ತರ ಹೇಳಿದ ವಾದಿರಾಜರಿಗೆ ಸೋತು ಅವರ ಸೇವಕನಾದನೆಂದೂ ಐತಿಹ್ಯ ಹೇಳುತ್ತದೆ. ಈ ಭೂತ ಉಳಿದವುಗಳಂತಲ್ಲ. ಇದಕ್ಕೆ ಪೂರ್ವದ ಹೆಸರಿದೆ, ಕತೆಯಿದೆ, ಸ್ಥಾನವಿದೆ. ಆದುದರಿಂದ ಜನರಿಗೆ ಇದರ ಬಗ್ಗೆ ಭಯಕ್ಕಿಂತ ಭಕ್ತಿಯೇ ಹೆಚ್ಚು. ಸಂಕದ ಬಳಿಯ ಭೂತಕ್ಕೆ ಇವೊಂದೂ ಇಲ್ಲ.

ಹೆಸರು ಅಳಿದುಹೋದ ಬಗೆಯನ್ನು ಹೀಗೆ ಊಹಿಸಬಹುದು. ಕಲ್ಲನ್ನು ನಿಲ್ಲಿಸಿದ ತಲೆಮಾರಿಗೆ ಅದರ ಬರಹ ಬೇಕಾಗಿರಲಿಲ್ಲ; ಮಡಿದವನು ಅವರ ಮನೆಯವನೇ. ಮೊಮ್ಮಕ್ಕಳ ಕಾಲದಲ್ಲಿ ಅದು ಅಜ್ಜನ ಕಲ್ಲು. ನೂರು ವರ್ಷ ಕಳೆಯುವಷ್ಟರಲ್ಲಿ ಆ ಮನೆತನ ಬೇರೆ ಕಡೆ ಹೋಯಿತು, ಇಲ್ಲವೇ ಅಳಿಯಿತು. ಇನ್ನಷ್ಟು ಕಾಲ ಕಳೆದಾಗ ಅಕ್ಷರಗಳ ಆಕಾರವೇ ಬದಲಾಯಿತು. ಭಾಷೆಯೂ ಬದಲಾಗಿ ‘ಪಾಲು’ ‘ಹಾಲು’ ಆಯಿತು. ‘ಱ’, ‘ೞ’ ಎಂಬ ಅಕ್ಷರಗಳು ಬಳಕೆಯಿಂದ ಬಿದ್ದುಹೋದುವು. ಹತ್ತನೆಯ ಶತಮಾನದ ಬರಹವನ್ನು ಹದಿನೆಂಟನೆಯ ಶತಮಾನದ ಶಾನುಭೋಗನೂ ಓದಲಾರದೆ ಹೋದನು. ಆದರೆ ಅಲ್ಲಿ ಯಾರೋ ಸತ್ತಿದ್ದಾನೆ, ಅದು ಸಹಜವಾದ ಸಾವಲ್ಲ, ಕತ್ತಿ ಕುದುರೆಗಳು ಇದ್ದುವು ಎಂಬಷ್ಟು ಮಾತ್ರ ಕೆತ್ತನೆಯನ್ನು ನೋಡಿದವರಿಗೆ ಗೊತ್ತಾಗುತ್ತಿತ್ತು. ಅಕಾಲದಲ್ಲಿ ಮಡಿದವನ ಜೀವ ಅಲ್ಲಿಯೇ ಸುಳಿಯುತ್ತದೆಂಬ ನಂಬಿಕೆ ಮೊದಲೇ ಇತ್ತು. ಎರಡೂ ಕೂಡಿದುವು. ಕನ್ನಡದಲ್ಲಿ ‘ಭೂತ’ ಎಂಬ ಶಬ್ದಕ್ಕೆ ಆಗಿಹೋದದ್ದು ಎಂಬ ಅರ್ಥವೂ ಉಂಟು. ವ್ಯಾಕರಣದ ಭೂತಕಾಲವೂ ಹಳ್ಳದ ದಂಡೆಯ ಭೂತಪ್ಪನೂ ಒಂದೇ ಮಾತಿನಿಂದ ಬಂದವರು.

ಇದು ಮಲೆನಾಡಿನ ವಿಶೇಷವೇನೂ ಅಲ್ಲ. ಅಮೆರಿಕದ ಪೆನ್ಸಿಲ್ವೇನಿಯ ಸಂಸ್ಥಾನದ ಗೆಟ್ಟಿಸ್ಬರ್ಗ್ ಎಂಬ ಊರಿನ ಬಳಿ ಮಾರ್ಷ್ ಕ್ರೀಕ್ ಎಂಬ ಹಳ್ಳಕ್ಕೆ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಕಟ್ಟಿದ ಸ್ಯಾಕ್ಸ್ ಸೇತುವೆಯಿದೆ. ನೂರು ಅಡಿಯಷ್ಟು ಉದ್ದದ ಮರದ ಸೇತುವೆ ಅದು. ಮಳೆಹಿಮಗಳಿಂದ ತೊಲೆಗಳು ಕೊಳೆಯಬಾರದೆಂದು ಅದಕ್ಕೆ ಮನೆಯಂತೆ ಗೋಡೆಯನ್ನೂ ಮಾಡನ್ನೂ ಹೊದಿಸಿದ್ದಾರೆ. ನಮ್ಮ ಸಂಕ ವರ್ಷಕ್ಕೊಮ್ಮೆ ಹೊಸತಾಗಬೇಕಾದರೆ ಅದು ನೂರೈವತ್ತು ವರ್ಷಗಳನ್ನು ಮೀರಿ ನಿಂತಿರುವುದಕ್ಕೆ ಈ ಮಾಡೇ ಮುಖ್ಯ ಕಾರಣ. 1863ರ ಜುಲೈ 1ರಿಂದ 3ರವರೆಗೆ ಗೆಟ್ಟಿಸ್ಬರ್ಗಿನಲ್ಲಿ ಘೋರಯುದ್ಧ ನಡೆಯಿತು. ಎರಡೂ ಪಕ್ಷದ ಸೈನಿಕರು ಆ ಸೇತುವೆಯನ್ನು ಬಳಸಿದರು. ಅದರ ತೊಲೆಗೆ ಮೂವರು ಸೈನಿಕರನ್ನು ಗಲ್ಲಿಗೇರಿಸಲಾಯಿತೆಂದೂ, ಅವರ ಪ್ರೇತಗಳು ಇಂದಿಗೂ ಅಲ್ಲಿ ಸುಳಿಯುತ್ತವೆಂದೂ ಕತೆಯಿದೆ. ಕತೆಗೆ ದಾಖಲೆಯ ಆಧಾರವಿಲ್ಲ. ಆ ಮೂವರಿಗೆ ಹೆಸರೂ ಇಲ್ಲ.

ಕತೆ ಸುಳ್ಳಿರಬಹುದು; ಅದನ್ನು ಹುಟ್ಟಿಸಿದ ದುಃಖ ಸುಳ್ಳಲ್ಲ. ಆ ಮೂರು ದಿನಗಳಲ್ಲಿ ಸತ್ತವರು, ಗಾಯಗೊಂಡವರು, ಸೆರೆಸಿಕ್ಕವರು, ಕಾಣೆಯಾದವರು ಎಲ್ಲ ಸೇರಿ ಸುಮಾರು 51,000 ಮಂದಿ. ಅಲ್ಲಿಯ ರಾಷ್ಟ್ರೀಯ ಸ್ಮಶಾನದಲ್ಲಿ 979 ಸಮಾಧಿಗಳ ಮೇಲೆ ಹೆಸರಿಲ್ಲ. ಗುರುತು ತಿಳಿಯದವರು ಎಂದಷ್ಟೇ ಲೆಕ್ಕ. ಮಗನು ಎಲ್ಲಿ ಬಿದ್ದನೆಂದು ಕೊನೆಯವರೆಗೂ ತಿಳಿಯದ ತಾಯಂದಿರು ಎಷ್ಟು ಮಂದಿ ಇದ್ದಿರಬೇಕು! ಅಂಥ ನೆಲದಲ್ಲಿ ಭೂತದ ಕತೆ ಹುಟ್ಟದಿದ್ದರೆ ಆಶ್ಚರ್ಯಪಡಬೇಕು.

ಇನ್ನು ಹೆಸರು ಉಳಿದಲ್ಲಿ ಏನಾಗುತ್ತದೆಂಬುದಕ್ಕೆ ಕನ್ನಡನಾಡಿನಲ್ಲಿಯೇ ಒಂದು ಸೊಗಸಾದ ನಿದರ್ಶನವಿದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ, ಸುಮಾರು 949–50ರ ಕಲ್ಲೊಂದು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ರಾಷ್ಟ್ರಕೂಟರ ಮೂರನೆಯ ಕೃಷ್ಣನಿಗೂ ಚೋಳರಿಗೂ ನಡೆದ ತಕ್ಕೋಲದ ಯುದ್ಧದಲ್ಲಿ ಗಂಗರ ಬೂತುಗನ ಪಕ್ಷದಲ್ಲಿ ಕಾದಿದ ಮಣಲೇರನೆಂಬ ವೀರನನ್ನು ಅದು ಹೊಗಳುತ್ತದೆ. ಆದರೆ ಆ ಕಲ್ಲಿನ ನಿಜವಾದ ನಾಯಕ ಅವನಲ್ಲ, ಅವನ ನಾಯಿ. ಅದರ ಹೆಸರು ಕಾಳಿ. ಅದು ದೊಡ್ಡ ಹಂದಿಯೊಂದನ್ನು ಎದುರಿಸಿ ಹೋರಾಡಿತು; ಎರಡೂ ಸತ್ತುವು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಭೂಮಿಯನ್ನು ಬಿಟ್ಟು, ಕಲ್ಲನ್ನು ಪೂಜಿಸದೆ ಅಲ್ಲಿಯ ಗೊರವನು ಊಟ ಮಾಡಬಾರದೆಂದು ಕಟ್ಟಳೆ ಮಾಡಿದರು. ಸಾವಿರ ವರ್ಷಗಳ ಹಿಂದಿನ ಒಂದು ನಾಯಿಯ ಹೆಸರು ಇಂದು ತಿಳಿದಿದೆ. ಹಳ್ಳದ ದಂಡೆಯಲ್ಲಿ ಊರಿಗಾಗಿ ಮಡಿದ ಮನುಷ್ಯನ ಹೆಸರು ತಿಳಿಯದು. ಬೆಂಗಳೂರಿನ ಬಳಿಯ ಬೇಗೂರಿನ ವೀರಗಲ್ಲೊಂದರಲ್ಲಿ ‘ಬೆಂಗಳೂರ ಕಾಳಗ’ದ ಪ್ರಸ್ತಾಪವಿರುವುದರಿಂದಲೇ ಆ ನಗರದ ಹೆಸರು ಸಾವಿರ ವರ್ಷಕ್ಕೂ ಹಳೆಯದೆಂದು ಗೊತ್ತಾಯಿತು. ಯಾರೂ ಓದದಿದ್ದರೆ ಅದೂ ಒಂದು ಭೂತಪ್ಪನ ಕಲ್ಲಾಗಿಯೇ ಉಳಿಯುತ್ತಿತ್ತು.

ಓದುವ ಕೆಲಸವೂ ಎಲ್ಲೆಡೆ ಒಂದೇ ಕಾಲಕ್ಕೆ ನಡೆಯಲಿಲ್ಲ. ಬಿ. ಎಲ್. ರೈಸ್ ಅವರು ಮೈಸೂರು ಸಂಸ್ಥಾನದ ಶಾಸನಗಳನ್ನು ಸಂಗ್ರಹಿಸಿ ‘ಎಪಿಗ್ರಾಫಿಯ ಕರ್ನಾಟಿಕ’ ಎಂಬ ಸಂಪುಟಗಳಲ್ಲಿ ಪ್ರಕಟಿಸಿದರು. ಸಿದ್ದಾಪುರಕ್ಕೆ ನೆರೆಯದಾದ ಸೊರಬದ ಶಾಸನಗಳು 1904ರ ಸಂಪುಟದಲ್ಲಿ ಅಚ್ಚಾದುವು. ಆದರೆ 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಉತ್ತರ ಕನ್ನಡ ಆ ಸಂಪುಟಗಳ ಎಲ್ಲೆಯ ಹೊರಗೆ ಉಳಿಯಿತು. ಧಾರವಾಡದಲ್ಲಿ 1939ರಲ್ಲಿ ಕನ್ನಡ ಸಂಶೋಧನಾ ಸಂಸ್ಥೆ ಆರಂಭವಾದ ಮೇಲೆ ಈ ಭಾಗದ ಶಾಸನಗಳ ಕಡೆಗೂ ಹೆಚ್ಚಿನ ಗಮನ ಹರಿಯಿತು. ಒಂದೇ ಕಾಡು, ಒಂದೇ ಬಗೆಯ ಕಲ್ಲು. ನಡುವೆ ಆಡಳಿತದ ಗೆರೆಯೊಂದು ಇದ್ದುದರಿಂದ ಆಚೆಯ ಕಲ್ಲಿಗೆ ಪುಸ್ತಕದಲ್ಲೊಂದು ಸಂಖ್ಯೆ ಬಂದರೆ ಈಚೆಯ ಕಲ್ಲು ಪೊದೆಯಲ್ಲೇ ನಿಂತಿತು. ಹಾಗೆಂದು ಸೊರಬದ ಹಳ್ಳಿಗಳಲ್ಲಿ ಭೂತಗಳಿಲ್ಲವೆಂದು ಯಾರೂ ತಿಳಿಯಬೇಕಾಗಿಲ್ಲ.

ಭಯವೇ ಈ ಕಲ್ಲುಗಳನ್ನು ಇಷ್ಟು ದಿನ ಕಾಪಾಡಿತೆಂಬುದನ್ನೂ ಒಪ್ಪಬೇಕು. ಭೂತಪ್ಪನ ಕಲ್ಲನ್ನು ಕೀಳಲು ಯಾರಿಗೂ ಧೈರ್ಯವಿರಲಿಲ್ಲ. ಅದರ ಸುತ್ತಣ ಬನದ ಮರವನ್ನೂ ಕಡಿಯುತ್ತಿರಲಿಲ್ಲ. ಭಯ ಹೋಗಿ ಅರಿವು ಬಾರದಿರುವ ನಡುಗಾಲವೇ ಅಪಾಯದ್ದು. ನಾಡಿನ ಹಲವು ಕಡೆ ವೀರಗಲ್ಲುಗಳು ಬಟ್ಟೆ ಒಗೆಯುವ ಕಲ್ಲುಗಳಾಗಿವೆ, ಗೋಡೆಯ ತಳಪಾಯಕ್ಕೆ ಸೇರಿವೆ, ಕಾಲುವೆಗೆ ಅಡ್ಡ ಹಾಸಿದ ಚಪ್ಪಡಿಗಳಾಗಿವೆ. ಊರನ್ನು ಕಾಯಲು ಸತ್ತವನ ಎದೆಯ ಮೇಲೆ ಕಾಲಿಟ್ಟು ದಾಟುತ್ತಿದ್ದೇವೆಂದು ದಾಟುವವರಿಗೆ ತಿಳಿದಿರುವುದಿಲ್ಲ. ಕಲ್ಲಿನಡಿಯಲ್ಲಿ ನಿಧಿಯಿದೆಯೆಂದು ಅಮಾವಾಸ್ಯೆಯ ರಾತ್ರಿ ಅಗೆಯುವ ಕಳ್ಳರು ಇನ್ನೊಂದು ಕಡೆ. ನೆತ್ತರುಗೊಡಗೆ ಪಡೆದ ಬಡಕುಟುಂಬ ಅಲ್ಲಿ ಬಂಗಾರವನ್ನೆಲ್ಲಿಂದ ಹೂಳೀತು ಎಂದು ಅವರು ಯೋಚಿಸುವುದಿಲ್ಲ.

ಕಲ್ಲನ್ನು ಓದುವ ವಿಧಾನದಲ್ಲಿ ಗುಟ್ಟೇನೂ ಇಲ್ಲ. ಮೊದಲು ನೀರು ಹಾಕಿ ಮೆತ್ತನೆಯ ಕುಂಚದಿಂದ ಹಾವಸೆಯನ್ನು ತೆಗೆಯುತ್ತಾರೆ, ಕಬ್ಬಿಣದಿಂದ ಕೆರೆಯುವಂತಿಲ್ಲ. ಒದ್ದೆ ಮಾಡಿದ ಕಾಗದವನ್ನು ಕಲ್ಲಿಗೆ ಅಂಟಿಸಿ, ಅದು ಅಕ್ಷರದ ಕುಳಿಗಳೊಳಗೆ ಇಳಿಯುವಂತೆ ಕುಂಚದಿಂದ ಬಡಿಯುತ್ತಾರೆ. ಕಾಗದ ಅರೆ ಒಣಗಿದಾಗ ಮೇಲೆ ಮಸಿಯನ್ನು ಲೇಪಿಸುತ್ತಾರೆ. ಉಬ್ಬಿದ ಭಾಗ ಕಪ್ಪಾಗಿ, ಅಕ್ಷರಗಳು ಬೆಳ್ಳಗೆ ಉಳಿಯುತ್ತವೆ. ಇದಕ್ಕೆ ಪಡಿಯಚ್ಚು ಎಂದು ಹೆಸರು. ಈಚೆಗೆ ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಯಂತ್ರದ ನೆರವಿನಿಂದ ಕಲ್ಲಿನ ಮೂರು ಆಯಾಮದ ಪ್ರತಿಕೃತಿಗಳನ್ನೇ ದಾಖಲಿಸಿದ್ದಾರೆ. ಕಣ್ಣಿಗೆ ಕಾಣದಷ್ಟು ಸವೆದ ಅಕ್ಷರಗಳೂ ಅದರಲ್ಲಿ ಗೋಚರವಾಗುತ್ತವೆ.

ಪಡಿಯಚ್ಚು ತೆಗೆಯಲು ಬಂದವರನ್ನು ಊರಿನವರು ಮೊದಲು ಅನುಮಾನದಿಂದ ನೋಡುವುದುಂಟು. ಕೆಲವರು ಕಾಯಿ ಒಡೆದ ಮೇಲೆಯೇ ಕಲ್ಲನ್ನು ಮುಟ್ಟಗೊಡುತ್ತಾರೆ. ಕಾಗದವನ್ನು ಬಿಡಿಸಿ ಬೆಳಕಿಗೆ ಹಿಡಿದಾಗ ಮಾತ್ರ ಎಲ್ಲರೂ ಹತ್ತಿರ ಬರುತ್ತಾರೆ. ಅಕ್ಷರ ಬಲ್ಲವನು ಒಂದೊಂದನ್ನೇ ಕೂಡಿಸಿ ಓದುತ್ತ ಹೋಗುವಾಗ, ಹೆಸರು ಬರುವವರೆಗೂ ಯಾರೂ ಕದಲುವುದಿಲ್ಲ.